ಓಪನ್‌ಎಸ್‌ಎಸ್‌ಎಲ್‌ನ ಸಿಎಫ್‌ಬಿ ವಿಧಾನ: ಗುಟ್ಟು ಭದ್ರ, ಕಡತ ಭದ್ರವಲ್ಲ

ಕಡತಗಳನ್ನು ಎನ್‌ಕ್ರಿಪ್ಟ್ ಮಾಡಲು, ಅಂದರೆ ಗೂಢಪಠ್ಯವಾಗಿಸಲು, ಓಪನ್‌ಎಸ್‌ಎಸ್‌ಎಲ್ ಎಂಬ ಭದ್ರತಾ ತಂತ್ರಾಂಶ ಒದಗಿಸುವ ‘ಎನ್‌ಕ್’ ಆದೇಶವು ಉಚಿತವೂ ಹೌದು, ಸುಲಭವಾಗಿ ಸಿಗುವಂಥದ್ದೂ ಹೌದು. ಅದರಲ್ಲಿರುವ ಹಲವು ವಿಧಾನಗಳ ಪೈಕಿ ಎಇಎಸ್ ಎಂಬ ಗೂಢಲೇಖನ ಕ್ರಮವನ್ನು 256 ಬಿಟ್‌ಗಳ ಕೀಲಿಯೊಂದಿಗೆ ಬಳಸುವ ಎಇಎಸ್-256 ಸಿಎಫ್‌ಬಿ ಎಂಬ ಫೀಡ್‌ಬ್ಯಾಕ್ ವಿಧಾನವನ್ನಷ್ಟೇ ಇಲ್ಲಿ ಪರಿಶೀಲಿಸಲಾಗಿದೆ.

ಈ ವಿಧಾನದಲ್ಲಿ ಎಇಎಸ್ ಮೂಲಪಠ್ಯವನ್ನು ಮುಟ್ಟುವುದೇ ಇಲ್ಲ. ಕಡತವನ್ನು 16 ಬೈಟ್‌ಗಳ ಬ್ಲಾಕುಗಳಾಗಿ ವಿಂಗಡಿಸಿ, ಹಿಂದಿನ ಬ್ಲಾಕಿನ ಗೂಢಪಠ್ಯವನ್ನು ಎಇಎಸ್‌ಗೆ ಕೊಟ್ಟು, ಹೊರಬಂದ 16 ಬೈಟ್‌ಗಳನ್ನು ಈಗಿನ ಮೂಲಪಠ್ಯದೊಂದಿಗೆ ಎಕ್ಸಾರ್ (ಎರಡು ಬಿಟ್‌ಗಳು ಬೇರೆಯಾದರೆ 1, ಒಂದೇ ಆದರೆ 0) ಮಾಡಿದಾಗ ಹೊಸ ಗೂಢಪಠ್ಯ ಸಿಗುತ್ತದೆ, ಮುಂದಿನ ಬ್ಲಾಕಿಗೆ ಅದನ್ನೇ ಉಣಿಸಲಾಗುತ್ತದೆ. ಮೊದಲ ಬ್ಲಾಕಿಗೆ ಹಿಂದಿನದು ಇಲ್ಲವಾದ್ದರಿಂದ ಆ ಜಾಗದಲ್ಲಿ ಐವಿ ಎಂಬ ಆರಂಭಿಕ ಮೌಲ್ಯ ಇರುತ್ತದೆ. ಬಿಡಿಸುವಾಗಲೂ ಎಇಎಸ್‌ನ ಎನ್‌ಕ್ರಿಪ್ಟ್ ದಿಕ್ಕೇ ಸಾಕು. ಕೊನೆಯ ಬ್ಲಾಕನ್ನು ಭರ್ತಿ ಮಾಡುವ ಹೆಚ್ಚುವರಿ ಬೈಟ್‌ಗಳು, ಅಂದರೆ ಪ್ಯಾಡಿಂಗ್, ಬೇಕಿಲ್ಲದಿರುವುದು ಮತ್ತೊಂದು ಅನುಕೂಲ: ಕೀಲಿ ಮತ್ತು ಐವಿಗಳನ್ನು ನೇರವಾಗಿ ಕೊಟ್ಟರೆ 37 ಬೈಟ್‌ಗಳ ಕಡತ 37 ಬೈಟ್‌ಗಳಾಗಿಯೇ ಉಳಿಯುತ್ತದೆ, ಸಿಬಿಸಿ ಎಂಬ ಇನ್ನೊಂದು ವಿಧಾನದಲ್ಲಾದರೆ ಅದು 48 ಆಗುತ್ತದೆ.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯ ದೊಡ್ಡ ಕೊರತೆ ತಿದ್ದುಪಡಿಯ ವಿಚಾರದಲ್ಲಿದೆ. ಅದೇ ಕಡತದ ಗೂಢಪಠ್ಯದಲ್ಲಿ 20ನೆಯ ಬೈಟಿನ ಒಂದು ಬಿಟ್ಟನ್ನು ಬದಲಿಸಿ ಬಿಡಿಸಿದರೆ, ಮೂಲದ 20ನೆಯ ಬೈಟಿನಲ್ಲಿ ಅದೇ ಬಿಟ್ ಬದಲಾಗಿ, 33ರಿಂದ 37ರವರೆಗಿನ ಬೈಟ್‌ಗಳು ಅರ್ಥವಿಲ್ಲದ ಗೋಜಲಾಗುತ್ತವೆ. ಗೋಜಲಾದರೆ ಓದುವವರಿಗಾದರೂ ಅನುಮಾನ ಬಂದೀತು. ಆದರೆ ಬದಲಾವಣೆ ಕೊನೆಯ ಬ್ಲಾಕಿನಲ್ಲೇ ಆದರೆ ಕೆಡಲು ಮುಂದೆ ಬ್ಲಾಕೇ ಇರುವುದಿಲ್ಲ. ಅಕ್ಷರ, ಅಂಕಿಗಳನ್ನು ಬೈಟ್‌ಗಳಾಗಿ ಬರೆಯುವ ಆಸ್ಕಿ ಸಂಕೇತದಲ್ಲಿ 1 ಮತ್ತು 9 ಅಂಕಿಗಳಿಗೆ ಒಂದೇ ಬಿಟ್ಟಿನ ಅಂತರವಿರುವುದರಿಂದ, 35ನೆಯ ಬೈಟಿನಲ್ಲಿರುವ 1 ಅನ್ನು, ಕೀಲಿ ತಿಳಿಯದವರೂ 9 ಆಗಿಸಬಹುದು. ಆದೇಶವು ಯಾವ ದೂರೂ ಹೇಳದೆ ಕಡತವನ್ನು ಬಿಡಿಸಿಕೊಡುತ್ತದೆ. ಇಂಥದ್ದನ್ನು ಪತ್ತೆಹಚ್ಚುವ ಜಿಸಿಎಂ ವಿಧಾನಕ್ಕೆ ‘ಎನ್‌ಕ್’ನಲ್ಲಿ ಬೆಂಬಲವಿಲ್ಲದಿರುವುದನ್ನು ಸಣ್ಣ ಲೋಪವೆನ್ನಲಾಗದು.

ಕೀಲಿಯನ್ನು ನೇರವಾಗಿ ಕೊಡುವಾಗ ಐವಿಯ ಹೊಣೆಯೂ ಬಳಕೆದಾರರದೇ. ಒಂದೇ ಕೀಲಿಗೆ ಅದೇ ಐವಿಯನ್ನು ಮತ್ತೆ ಬಳಸಿದರೆ, ಎರಡು ಗೂಢಪಠ್ಯಗಳ ಮೊದಲ ಬ್ಲಾಕುಗಳ ಎಕ್ಸಾರ್, ಮೂಲಪಠ್ಯಗಳದೇ ಎಕ್ಸಾರ್ ಆಗಿಬಿಡುತ್ತದೆ. ಬೈಟ್ ಬೈಟಾಗಿ ಸಾಗುವ ಸಿಎಫ್‌ಬಿ8 ಪ್ರಕಾರವೂ ಇಲ್ಲಿದೆ, ಆದರೆ ಅದು ಪ್ರತಿ ಬೈಟಿಗೂ ಒಮ್ಮೆ ಎಇಎಸ್ ನಡೆಸುವುದರಿಂದ ನಿಧಾನ. ವಿಂಡೋಸ್ ಜಾಲಗಳಲ್ಲಿ ಗುರುತು ಖಚಿತಪಡಿಸುವ ನೆಟ್‌ಲಾಗನ್‌ನಲ್ಲಿ 2020ರಲ್ಲಿ ಬಯಲಾದ ಝೀರೋಲಾಗನ್ ದೋಷದ ಮೂಲವೂ ಐವಿಯನ್ನು ಸದಾ ಸೊನ್ನೆಯಾಗಿಟ್ಟ ಸಿಎಫ್‌ಬಿ8 ಬಳಕೆಯೇ: ಸರಾಸರಿ 256 ಕೀಲಿಗಳಲ್ಲಿ ಒಂದಕ್ಕೆ, ಬರೀ ಸೊನ್ನೆಗಳ ಮೂಲಪಠ್ಯವು ಬರೀ ಸೊನ್ನೆಗಳಾಗಿಯೇ ಹೊರಬರುತ್ತಿತ್ತು.

ಪಾಸ್‌ವರ್ಡ್ ಬಳಸುವವರು, ಅದರಿಂದ ಕೀಲಿ ತಯಾರಿಸುವ ಪಿಬಿಕೆಡಿಎಫ್2 ಕ್ರಮದ ಆಯ್ಕೆಯನ್ನು ತಾವೇ ನಮೂದಿಸಬೇಕು. ಇಲ್ಲದಿದ್ದರೆ ಆದೇಶವು ಎಚ್ಚರಿಕೆಯೊಂದನ್ನು ತೋರಿಸಿ, ಹಳೆಯ ದುರ್ಬಲ ಕ್ರಮದಲ್ಲೇ ಕೀಲಿ ತಯಾರಿಸುತ್ತದೆ.

ಹಳೆಯ ಸಿಎಫ್‌ಬಿ ಕಡತಗಳನ್ನು ಬಿಡಿಸಲು ಮತ್ತು ಈ ವಿಧಾನವನ್ನು ಕಲಿಯಲು ಇದು ಉತ್ತಮ ಸಾಧನ. ಹೊಸ ಕಡತಗಳಿಗೆ ಇದನ್ನೇ ಬಳಸಬೇಕಾಗಿ ಬಂದರೆ, ಐವಿ ಮತ್ತು ಗೂಢಪಠ್ಯ ಎರಡನ್ನೂ ಸೇರಿಸಿ ಬೇರೊಂದು ಕೀಲಿಯಿಂದ ಎಚ್‌ಮ್ಯಾಕ್ (ತಿದ್ದುಪಡಿಯನ್ನು ಪತ್ತೆಹಚ್ಚುವ ಮುದ್ರೆ) ಲೆಕ್ಕಹಾಕಿಟ್ಟು, ಬಿಡಿಸುವ ಮುನ್ನವೇ ಅದನ್ನು ತಾಳೆ ನೋಡಬೇಕು.