ಸ್ಟಾರ್ಟರ್ ಪ್ರಾಜೆಕ್ಟ್ ರನ್ ಮಾಡಿ ಅಂದ್ರೆ ಸ್ವಲ್ಪ ತಡೀರಿ
ಬ್ಯಾಕ್‌ಎಂಡ್ ಕೆಲಸ ಹುಡುಕ್ತಾ ಇರೋರು ಇದನ್ನು ಓದಿ. ಇಂಟರ್‌ವ್ಯೂ ಅಸೈನ್‌ಮೆಂಟ್ ಹೆಸರಲ್ಲಿ ಬಂದ ಒಂದು ಸ್ಟಾರ್ಟರ್ ಪ್ರಾಜೆಕ್ಟ್ (ಅರ್ಧ ಬರೆದು ಕೊಟ್ಟಿರೋ ಕೋಡ್) ನನ್ನ ಲ್ಯಾಪ್‌ಟಾಪಿನಲ್ಲಿದ್ದ ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಕೀ, ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳು, ಎಲ್ಲವನ್ನೂ ಬಳಿದುಕೊಂಡು ಹೋಯಿತು.

ರಿಕ್ರೂಟರ್ ಮೆಸೇಜ್ ಮಾಡಿದಾಗ ನಾನು ನೋಟಿಸ್ ಪೀರಿಯಡ್‌ನಲ್ಲಿದ್ದೆ. ಆಫೀಸು ಕೋರಮಂಗಲದಲ್ಲಿ ಅಂದರು. ನಾನಿರೋದು ಬಿಟಿಎಂನಲ್ಲಿ, ಪಕ್ಕದಲ್ಲೇ ಅಲ್ವಾ, ಬಂದು ಮಾತಾಡ್ತೀನಿ ಅಂದೆ. "ಟೀಮ್ ಪೂರ್ತಿ ರಿಮೋಟ್, ಮೊದಲು ಅಸೈನ್‌ಮೆಂಟ್ ಮುಗಿಸಿ" ಅಂತ ಉತ್ತರ ಬಂತು. ರೆಪೊ, ಅಂದರೆ ಅವರು ಕೊಟ್ಟ ಕೋಡ್ ಫೋಲ್ಡರ್, ನೀಟಾಗಿತ್ತು. ನೋಡ್ ಜೆಎಸ್, ಎಕ್ಸ್‌ಪ್ರೆಸ್, ಮಾಂಗೋಡಿಬಿ, ಉದ್ದದ ರೀಡ್‌ಮಿ. ಆರ್ಡರ್ ಎಪಿಐಗೆ ಪೇಜಿನೇಶನ್ (ಪಟ್ಟಿಯನ್ನು ಪುಟ ಪುಟವಾಗಿ ಕೊಡೋದು) ಸೇರಿಸಬೇಕಿತ್ತು. ಆದರೆ ಮೊದಲು ಸರ್ವರ್ ಸ್ಟಾರ್ಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ ಅಂತ ಒಂದೇ ಸಮನೆ ಒತ್ತಾಯ. ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಪೇಜಿನೇಶನ್ ಯಾರಿಗೆ ಬೇಕಿತ್ತು!

ಸರ್ವರ್ ಸ್ಟಾರ್ಟ್ ಮಾಡಿದ ಮೇಲೆ, ನಾನು ಯಾವತ್ತೂ ಬಳಸದ ರೀಜನ್‌ಗಳಲ್ಲಿ (ಬೇರೆ ಊರುಗಳ ಡೇಟಾ ಸೆಂಟರ್‌ಗಳಲ್ಲಿ) ಸರ್ವರ್‌ಗಳು ಶುರುವಾಗಿವೆ ಅಂತ ಎಡಬ್ಲ್ಯೂಎಸ್‌ನಿಂದ ಮೇಲ್ ಬಂತು. ರಿಕ್ರೂಟರ್ ಅಕೌಂಟ್ ಅಷ್ಟೊತ್ತಿಗೆ ಮಾಯ.

ಕೋಡ್ ಮತ್ತೆ ತೆಗೆದು ನೋಡಿದೆ. ಎರರ್ ಹ್ಯಾಂಡ್ಲರ್ ಫೈಲಿನಲ್ಲಿ ಒಂದು ಸಾಮಾನ್ಯ ಸಾಲು, ಸೆಮಿಕೋಲನ್‌ಗೆ ಮುಗಿದಂತೆ ಕಾಣುತ್ತೆ. ಆದರೆ ಕೆಳಗಿನ ಸ್ಕ್ರೋಲ್‌ಬಾರ್ ಮಾತ್ರ ಯಾಕೋ ತೀರಾ ಚಿಕ್ಕದಾಗಿತ್ತು. ಬಲಕ್ಕೆ ಎಳೆಯುತ್ತಾ ಹೋದರೆ ಖಾಲಿ ಜಾಗ, ಖಾಲಿ ಜಾಗ, ಕೊನೆಗೆ ಇನ್ನೊಂದು ತುಂಡು ಕೋಡ್. ಅದು ಹೊರಗಿನ ಒಂದು ಲಿಂಕ್‌ನಿಂದ ಪಠ್ಯ ತಂದು ಸೀದಾ ಇವ್ಯಾಲ್‌ಗೆ, ಅಂದರೆ ಪಠ್ಯವನ್ನೇ ಕೋಡ್ ಆಗಿ ಓಡಿಸೋ ಫಂಕ್ಷನ್‌ಗೆ, ಕೊಡ್ತಿತ್ತು. ಹಾಗಾಗಿ ಕದಿಯೋ ಕೋಡ್ ರೆಪೊದಲ್ಲಿ ಇರಲೇ ಇಲ್ಲ, ರನ್ ಆದಮೇಲೆ ಬಂದದ್ದು. ಆಂಟಿವೈರಸ್ ಕೂಡ ತೆಪ್ಪಗಿತ್ತು.

ಈ ಮೋಸ ಹೊಸದೂ ಅಲ್ಲ. ಪಾಲೊ ಆಲ್ಟೊ ನೆಟ್‌ವರ್ಕ್ಸ್ ಅನ್ನೋ ಸೈಬರ್ ಭದ್ರತಾ ಕಂಪನಿಯ ಯೂನಿಟ್ 42 ತಂಡ 2023ರ ನವೆಂಬರ್‌ನಲ್ಲೇ ಇಂಥದ್ದನ್ನು ಕಂಟೇಜಿಯಸ್ ಇಂಟರ್‌ವ್ಯೂ ಅಂತ ಹೆಸರಿಟ್ಟು ಬಯಲು ಮಾಡಿತ್ತು, ಉತ್ತರ ಕೊರಿಯಾದ ಹ್ಯಾಕರ್‌ಗಳ ಕಡೆ ಬೊಟ್ಟು ಮಾಡಿತ್ತು. ಬೀವರ್‌ಟೇಲ್ ಅನ್ನೋದು ಅವರ ಒಂದು ಮಾಲ್‌ವೇರ್. ನನಗೆ ಗಾಳ ಹಾಕಿದ್ದು ಅವರೇ ಅಂತ ಹೇಳ್ತಿಲ್ಲ, ವರಸೆ ಮಾತ್ರ ಅದೇ.

ಎನ್‌ಪಿಎಂ ಇನ್‌ಸ್ಟಾಲ್ (ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜ್ ತರಿಸೋ ಕಮಾಂಡ್) ಅಂದರೆ ಸುಮ್ನೆ ಫೈಲ್ ಇಳಿಸೋದು ಅಂದುಕೊಂಡವರು ಜಾಸ್ತಿ. ಇನ್‌ಸ್ಟಾಲ್ ಮುಗಿದ ಕೂಡಲೇ ತಾನಾಗಿ ಓಡೋ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್ ಇದ್ದರೆ ಆಗಲೇ ಕೋಡ್ ರನ್ ಆಗಬಹುದು. ಕಮಾಂಡ್ ಜೊತೆ ಇಗ್ನೋರ್-ಸ್ಕ್ರಿಪ್ಟ್ಸ್ ಆಪ್ಷನ್ ಹಾಕಿದರೆ ಅದು ನಿಲ್ಲುತ್ತೆ, ಆದರೆ ನನ್ನ ಕೇಸಿನಂತೆ ಸರ್ವರ್ ಶುರುವಾದಾಗ ಕೆಲಸ ಮಾಡೋ ಕೋಡ್‌ಗೆ ಅದರಿಂದ ಏನೂ ಆಗಲ್ಲ. ವಿಎಸ್ ಕೋಡ್ ಎಡಿಟರ್‌ನಲ್ಲಿ ಫೋಲ್ಡರ್ ತೆರೆದಾಗ ಈ ಲೇಖಕರನ್ನು ನಂಬ್ತೀರಾ ಅಂತ ಕೇಳುತ್ತಲ್ಲ, ಅಲ್ಲಿ ಇಲ್ಲ ಅನ್ನಿ. ರನ್ ಮಾಡಲೇಬೇಕಾದರೆ ಕೀ, ಲಾಗಿನ್ ಏನೂ ಇಲ್ಲದ ವರ್ಚುವಲ್ ಮಷೀನ್‌ನಲ್ಲಿ ಮಾಡಿ. ಡಾಕರ್ (ಪ್ರೋಗ್ರಾಮನ್ನು ಪ್ರತ್ಯೇಕ ಕಂಟೇನರ್‌ನಲ್ಲಿ ಓಡಿಸೋ ಟೂಲ್) ಆದರೂ ಸರಿ, ಹೋಮ್ ಫೋಲ್ಡರನ್ನು ಅದರೊಳಗೆ ಮೌಂಟ್ ಮಾಡಿಬಿಟ್ಟರೆ ಮಾತ್ರ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದ ಹಾಗೆ. ಆಫೀಸ್ ಲ್ಯಾಪ್‌ಟಾಪಿನಲ್ಲಂತೂ ಬೇಡವೇ ಬೇಡ.

ಈಗಾಗಲೇ ರನ್ ಮಾಡಿದ್ದರೆ ಮೊದಲು ನೆಟ್ ಕಟ್ ಮಾಡಿ. ಬೇರೆ ಮಷೀನ್‌ನಿಂದ ಕ್ಲೌಡ್ ಕೀ, ಗಿಟ್‌ಹಬ್ ಟೋಕನ್, ಎಸ್‌ಎಸ್‌ಎಚ್ ಕೀ ಎಲ್ಲ ರದ್ದು ಮಾಡಿ. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಲಾಗಿನ್ ಉಳಿಸಿಡೋ ಬ್ರೌಸರ್ ಕುಕೀಗಳೂ ಹೋಗಿರಬಹುದು, ಹಾಗಾಗಿ ಎಲ್ಲ ಡಿವೈಸ್‌ಗಳಿಂದ ಲಾಗ್‌ಔಟ್ ಆಗಿ. ಆಮೇಲೆ ಲ್ಯಾಪ್‌ಟಾಪ್ ಫಾರ್ಮ್ಯಾಟ್. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಭಾಗದ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಹೋಗಿ.

ಹೈರಿಂಗ್ ಮಾಡೋರಿಗೂ ಒಂದು ಮಾತು. ನಿಮ್ಮ ಸ್ಟಾರ್ಟರ್ ಪ್ರಾಜೆಕ್ಟಿನಲ್ಲಿ ಇನ್‌ಸ್ಟಾಲ್ ಸ್ಕ್ರಿಪ್ಟ್ ಇಡಬೇಡಿ, ಡಿಪೆಂಡೆನ್ಸಿ (ಹೊರಗಿನ ಪ್ಯಾಕೇಜ್) ಕಡಿಮೆ ಇರಲಿ, ಅವುಗಳ ಆವೃತ್ತಿ ನಿಗದಿ ಮಾಡೋ ಲಾಕ್‌ಫೈಲ್ ಜೊತೆ ಒಂದು ಡಾಕರ್‌ಫೈಲ್ ಕೊಡಿ. ಕಂಟೇನರ್‌ನಲ್ಲಿ ರನ್ ಮಾಡ್ತೀನಿ ಅಂತ ಯಾರಾದರೂ ಅಂದರೆ ಮುಖ ಸಿಂಡರಿಸಬೇಡಿ, ಅಂಥವರನ್ನು ಮುಂದಿನ ರೌಂಡಿಗೆ ಕರೆಯಿರಿ.