ಕರೆಂಟ್ ಹೋಗುವ ಊರಿಗೆ ಯಾವ ಅಡಾಪ್ಟರ್ ಸರಿ?

ಲ್ಯಾಪ್‌ಟಾಪ್ ಅಡಾಪ್ಟರಿನ ಮೈಮೇಲೇ ಈಗ ಪೋರ್ಟುಗಳು ಬಂದಿವೆ. ಫೋನಿಗೊಂದು ಟೈಪ್ ಸಿ, ಹಳೇ ಕೇಬಲ್ಲಿಗೊಂದು ಯುಎಸ್‌ಬಿ. ಇನ್ನೊಂದಿಷ್ಟು ದುಡ್ಡು ಹಾಕಿದರೆ ಮಾನಿಟರಿಗೆ ಎಚ್‌ಡಿಎಂಐ, ಪೆನ್‌ಡ್ರೈವಿಗೆ ಜಾಗ, ಕೆಲವದರಲ್ಲಿ ಇಂಟರ್ನೆಟ್ ವೈರಿಗೆ ಲ್ಯಾನ್ ಕೂಡ. ಜಾಹೀರಾತಿನ ಚಿತ್ರ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬಳಸಿದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ ಬೆಂಗಳೂರಿನ ಕೆಲಸ ಮಾಡುತ್ತೇನೆ. ಆಗಾಗ ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲೂ ಕೂತು ಕೆಲಸ ಮಾಡುವುದುಂಟು. ಮೂರು ಬಗೆಯ ವ್ಯವಸ್ಥೆಯನ್ನು ಎರಡೂ ಕಡೆ ಬಳಸಿ ನೋಡಿದೆ. ಒಂದು, ಬರೀ ಚಾರ್ಜ್ ಕೊಡುವ ಹಲವು ಪೋರ್ಟಿನ ಚಾರ್ಜರ್. ಎರಡು, ಚಾರ್ಜರ್ ಮತ್ತು ಡಾಕ್, ಅಂದರೆ ಮಾನಿಟರ್, ಕೀಬೋರ್ಡ್, ಲ್ಯಾನ್ ಎಲ್ಲ ಜೋಡಿಸುವ ಪೋರ್ಟುಗಳು, ಒಂದೇ ಡಬ್ಬಿಯಲ್ಲಿರುವುದು. ಮೂರು, ಚಾರ್ಜರ್ ಬೇರೆ, ಒಂದು ಪೋರ್ಟನ್ನು ಹಲವು ಮಾಡಿಕೊಡುವ ಹಬ್ ಬೇರೆ.

ಊರಿನ ಕರೆಂಟಿನ ವಿಷಯ ಮೊದಲು ಹೇಳಬೇಕು. ಯಾವುದು ಗೆಲ್ಲುತ್ತದೆ ಅನ್ನುವುದು ಅದರ ಮೇಲೇ ನಿಂತಿದೆ. ಶರಾವತಿಯ ನೀರಿನಿಂದ ಕರೆಂಟ್ ಹುಟ್ಟುವುದು ನಮ್ಮ ಜಿಲ್ಲೆಯಲ್ಲೇ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಿಂದ ಇದೆ. ಆದರೆ ಮನೆಗೆ ಬರುವ ಲೈನು ಕಾಡು, ತೋಟ, ದರೆ ಎಲ್ಲ ದಾಟಿಕೊಂಡೇ ಬರಬೇಕು. ಜೂನ್‌ನಿಂದ ಮಳೆ ಹಿಡಿದರೆ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳ ಕಷ್ಟ ಹತ್ತಿರದಿಂದ ನೋಡಿದವನು ನಾನು. ಅವರು ಸರಿ ಮಾಡುವವರೆಗೆ ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಕಥೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ ಹೊತ್ತಿಗೆ ವೋಲ್ಟೇಜ್ ಇಳಿದು ಬಲ್ಬು ಮಂಕಾಗುತ್ತದೆ.

ವೋಲ್ಟೇಜ್ ಇಳಿಯುವುದಕ್ಕೆ ಅಡಾಪ್ಟರುಗಳು ಅಷ್ಟು ಹೆದರುವುದಿಲ್ಲ. ಹೆಚ್ಚಿನವುಗಳ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಫ್ಯಾನ್ ತೆವಳುವ ಹೊತ್ತಿನಲ್ಲೂ ಮೂರೂ ಬಗೆಯವು ಸರಿಯಾಗಿ ಚಾರ್ಜ್ ಮಾಡಿದವು. ಪರೀಕ್ಷೆ ಶುರುವಾಗುವುದು ಕರೆಂಟ್ ಪೂರ್ತಿ ಹೋದಾಗ.

ಹಲವು ಪೋರ್ಟಿನ ಚಾರ್ಜರ್

ಎರಡು ಟೈಪ್ ಸಿ, ಒಂದು ಹಳೇ ಯುಎಸ್‌ಬಿ ಇರುವ 65 ವ್ಯಾಟ್ ಚಾರ್ಜರ್ ಇದು. ಒಳಗೆ ಸಿಲಿಕಾನ್ ಬದಲು ಗ್ಯಾಲಿಯಂ ನೈಟ್ರೈಡ್ ಬಳಸುತ್ತಾರೆ. ಅದರಲ್ಲಿ ಶಾಖವಾಗಿ ಹಾಳಾಗುವ ಕರೆಂಟ್ ಕಡಿಮೆ, ಹಾಗಾಗಿ ಡಬ್ಬಿ ಅಂಗೈಯಲ್ಲಿ ಹಿಡಿಸುತ್ತದೆ. ಅಂಗಡಿಯಲ್ಲಿ ಗ್ಯಾನ್ ಚಾರ್ಜರ್ ಅಂದರೆ ಇದನ್ನೇ ಕೊಡುತ್ತಾರೆ.

ಇದರಲ್ಲಿ ತಿಳಿದಿರಬೇಕಾದ್ದು ಹಂಚಿಕೆಯ ಲೆಕ್ಕ. ಲ್ಯಾಪ್‌ಟಾಪ್ ಒಂದೇ ಇದ್ದರೆ ಪೂರ್ತಿ 65 ವ್ಯಾಟ್ ಅದಕ್ಕೇ ಸಿಗುತ್ತದೆ. ಫೋನ್ ಸಿಕ್ಕಿಸಿದ ಕೂಡಲೇ ನನ್ನದರಲ್ಲಿ ಅದು 45 ಮತ್ತು 20 ಆಗಿ ಒಡೆಯುತ್ತದೆ. ಮೂರನೆಯದನ್ನೂ ಹಾಕಿದರೆ ಚಿಕ್ಕ ಪಾಲು ಮತ್ತೆ ಇಬ್ಬರಿಗೆ ಹಂಚಿಹೋಗುತ್ತದೆ. ಬರವಣಿಗೆ, ಮೀಟಿಂಗ್ ಇಂಥ ಕೆಲಸಕ್ಕೆ 45 ಧಾರಾಳ ಸಾಕು. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಸಾಲದು, ಅವರು 100 ವ್ಯಾಟಿನದನ್ನೇ ನೋಡಬೇಕು. 100 ವ್ಯಾಟ್ ಅಂದರೆ 20 ವೋಲ್ಟಿನಲ್ಲಿ 5 ಆಂಪಿಯರ್. ಅಷ್ಟು ಹರಿಯಲು ಕೇಬಲ್ಲಿನ ತುದಿಯಲ್ಲಿ ತನ್ನ ಅಳತೆ ಹೇಳುವ ಒಂದು ಚಿಪ್ ಇರಬೇಕು. ಸಾಮಾನ್ಯ ಟೈಪ್ ಸಿ ಕೇಬಲ್ ಹಾಕಿದರೆ 3 ಆಂಪಿಯರಿಗೆ, ಅಂದರೆ 60 ವ್ಯಾಟಿಗೆ ನಿಲ್ಲುತ್ತದೆ. ದೊಡ್ಡ ಚಾರ್ಜರ್ ತಂದರೂ ನಿಧಾನ ಅಂತ ಬೇಸರಪಡುವ ಎಷ್ಟೋ ಮಂದಿಯ ತೊಂದರೆ ಕೇಬಲ್ಲಿನಲ್ಲಿರುತ್ತದೆ.

ಇನ್ನೊಂದು ಗುಣ ಗಮನಿಸಿ. ಹೊಸದೊಂದನ್ನು ಸಿಕ್ಕಿಸಿದಾಗ ಅಥವಾ ಕಿತ್ತಾಗ ಇಂಥ ಬಹಳಷ್ಟು ಚಾರ್ಜರುಗಳು ಎಲ್ಲ ಪೋರ್ಟನ್ನೂ ಒಂದು ಕ್ಷಣ ನಿಲ್ಲಿಸಿ ಹಂಚಿಕೆಯನ್ನು ಮತ್ತೆ ಶುರು ಮಾಡುತ್ತವೆ. ಬರೀ ಚಾರ್ಜರಿನಲ್ಲಿ ಇದರಿಂದ ನಷ್ಟವಿಲ್ಲ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಕರೆಂಟ್ ಹೋದರೂ ಅಷ್ಟೇ. ಚಾರ್ಜ್ ನಿಲ್ಲುತ್ತದೆ, ಕೆಲಸ ನಡೆಯುತ್ತದೆ.

ಕೆಲವು ಲ್ಯಾಪ್‌ಟಾಪುಗಳ ಜೊತೆ ಬರುವ ಅಡಾಪ್ಟರಿನಲ್ಲೇ ಒಂದು ಯುಎಸ್‌ಬಿ ಇರುತ್ತದೆ. ಮೈಕ್ರೋಸಾಫ್ಟ್ ತನ್ನ ಸರ್ಫೇಸ್‌ನ ಹಲವು ಅಡಾಪ್ಟರುಗಳಲ್ಲಿ ಹಾಗೆ ಕೊಟ್ಟಿದೆ. ಅದು ಚಾರ್ಜಿಗೆ ಮಾತ್ರ, ಪೆನ್‌ಡ್ರೈವ್ ಹಾಕಿದರೆ ಏನೂ ಕಾಣುವುದಿಲ್ಲ.

ಡಾಕ್ ಸೇರಿದ ಅಡಾಪ್ಟರ್

ಆಸೆ ಹುಟ್ಟಿಸುವುದು ಇದು. ಗೋಡೆಯಿಂದ ಡಬ್ಬಿಗೆ ಒಂದು ವೈರು, ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಒಂದೇ ಟೈಪ್ ಸಿ. ಆ ಒಂದು ಕೇಬಲ್ಲಿನಲ್ಲೇ ಚಾರ್ಜ್, ಮಾನಿಟರ್, ಕೀಬೋರ್ಡ್, ಹಾರ್ಡ್ ಡಿಸ್ಕ್, ಲ್ಯಾನ್ ಎಲ್ಲ. ಮೇಜು ಖಾಲಿ ಖಾಲಿ. ಎದ್ದು ಹೋಗುವಾಗ ಒಂದು ಎಳೆದರೆ ಮುಗಿಯಿತು.

ಏಪ್ರಿಲ್, ಮೇ ತಿಂಗಳ ಸಂಜೆಗೆ ಈ ಗುಣ ನಿಜಕ್ಕೂ ದೊಡ್ಡದು. ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಬರುವ ಗುಡುಗು ಸಿಡಿಲಿನ ಮಳೆಗೆ ಎಷ್ಟು ಮನೆಯ ಟಿವಿ, ಮೋಡೆಮ್ ಹೋಗಿವೆ ಎನ್ನುವುದು ಊರಿನವರಿಗೆಲ್ಲ ಗೊತ್ತು. ಚಾರ್ಜರ್ ಕಿತ್ತರೆ ಸಾಲದು. ಎಚ್‌ಡಿಎಂಐ ಕೇಬಲ್ ಮಾನಿಟರಿಗೆ ಸೇರಿದೆ, ಮಾನಿಟರ್ ಗೋಡೆಗೆ ಸೇರಿದೆ. ಲ್ಯಾನ್ ವೈರು ಮೋಡೆಮ್ಮಿಗೆ. ಸಿಡಿಲಿನ ಹೊಡೆತ ಅವುಗಳ ದಾರಿಯಲ್ಲೂ ಬರಬಹುದು. ಡಾಕ್ ಇದ್ದರೆ ಮೋಡ ಕಪ್ಪಾದ ಕೂಡಲೇ ಒಂದೇ ಕೇಬಲ್ ಕಿತ್ತು ಲ್ಯಾಪ್‌ಟಾಪನ್ನು ದೂರ ಇಡಬಹುದು. ಆಮೇಲೆ ಗೋಡೆಯ ಪಿನ್ನು. ಈ ಒಂದು ವಿಷಯದಲ್ಲಿ ಉಳಿದ ಎರಡೂ ಇದರ ಸಮಕ್ಕೆ ಬರಲಿಲ್ಲ.

ಈಗ ಇನ್ನೊಂದು ಮಗ್ಗುಲು. ಇಂಥ ಹೆಚ್ಚಿನ ಡಬ್ಬಿಗಳಲ್ಲಿ ಒಳಗಿನ ಹಬ್ಬಿಗೆ ಕರೆಂಟ್ ಬರುವುದು ಗೋಡೆಯಿಂದ. ಗೋಡೆಯಲ್ಲಿ ಕರೆಂಟ್ ಹೋದರೆ ಹಬ್ ಸಾಯುತ್ತದೆ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ. ಅದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕ್, ಕೀಬೋರ್ಡ್, ಲ್ಯಾನ್ ಮಾತ್ರ ಒಟ್ಟಿಗೇ ಮಾಯ. ಮೀಟಿಂಗಿನಲ್ಲಿ ಮಾತಾಡುತ್ತಿದ್ದರೆ ಯುಎಸ್‌ಬಿ ಮೈಕೂ ಹೋಗುತ್ತದೆ. ದೊಡ್ಡ ಫೈಲ್ ಹಾರ್ಡ್ ಡಿಸ್ಕಿಗೆ ಕಾಪಿ ಆಗುತ್ತಿದ್ದರೆ ಅರ್ಧಕ್ಕೆ ಕತ್ತರಿಸುತ್ತದೆ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಡಿಸ್ಕನ್ನು ಹಾಗೇ ಎಳೆದರೂ ಅಪಾಯ ಕಡಿಮೆ ಇರುವಂತೆ ಮಾಡಿದ್ದಾರೆ, ನಿಜ. ಆದರೆ ಅದು ಬರೆದು ಮುಗಿದ ಫೈಲಿಗೆ. ಬರೆಯುತ್ತಿರುವ ಫೈಲು ಉಳಿಯುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುವ ದಿನ ಇದು ಒಮ್ಮೆ ಆಗಿ ನಿಲ್ಲುವುದಿಲ್ಲ, ಮತ್ತೆ ಮತ್ತೆ ಆಗುತ್ತದೆ.

ಮನೆಯಲ್ಲಿ ಯುಪಿಎಸ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ಅದು ಎಷ್ಟು ಬೇಗ ಬದಲಾಗುತ್ತದೆ ಎನ್ನುವುದು ಮುಖ್ಯ. ಬಹಳಷ್ಟು ಮನೆ ಇನ್ವರ್ಟರುಗಳಲ್ಲಿ ಎರಡು ಮೋಡ್ ಇರುವ ಒಂದು ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿ ಬೇಗ ಬದಲಾಗುತ್ತದೆ, ಇನ್ನೊಂದರಲ್ಲಿ ನಿಧಾನ. ಅಡಾಪ್ಟರಿನ ಒಳಗಿನ ಕೆಪಾಸಿಟರ್, ಅಂದರೆ ಕರೆಂಟ್ ಕೂಡಿಡುವ ಪುಟ್ಟ ಭಾಗ, ಹಿಡಿದಿಡುವುದು ಸೆಕೆಂಡಿನ ತುಂಬಾ ಚಿಕ್ಕ ಪಾಲಿನಷ್ಟು ಹೊತ್ತು ಮಾತ್ರ. ನಮ್ಮ ಮನೆಯಲ್ಲಿ ಯುಪಿಎಸ್ ಮೋಡಿಗೆ ಹಾಕಿದಾಗ ಡಾಕ್ ಅಲುಗಾಡಲಿಲ್ಲ. ಇನ್ನೊಂದು ಮೋಡಿನಲ್ಲಿ ಪ್ರತಿ ಸಲ ಬಿತ್ತು. ಹಾಗಂತ ಎಲ್ಲ ಕೋಣೆಯ ಪ್ಲಗ್ಗಿಗೂ ಯುಪಿಎಸ್ ಲೈನ್ ಎಳೆದಿರುವುದಿಲ್ಲ. ಹಳೇ ಮನೆಗಳಲ್ಲಂತೂ ಅದು ದೀಪ, ಫ್ಯಾನಿಗೆ ಮಾತ್ರ.

ಅಕ್ಕನ ಮನೆ ವಿನೋಬನಗರದಲ್ಲಿ. ಅಲ್ಲಿ ಕರೆಂಟ್ ಹೋಗುವುದು ಕಡಿಮೆ, ಓದುವ ಮೇಜಿನ ಪ್ಲಗ್ಗಿಗೂ ಯುಪಿಎಸ್ ಇದೆ. ಅಲ್ಲಿ ಇದೇ ಡಾಕ್ ಚಿನ್ನದಂತೆ ಕೆಲಸ ಮಾಡಿತು. ಇಂಜಿನಿಯರಿಂಗ್ ಓದುವ ಅಕ್ಕನ ಮಗ ಅದನ್ನು ಬಿಡಲು ಒಪ್ಪಲಿಲ್ಲ. "ಮಾವ, ನಿಮಗೆ ಊರಲ್ಲಿ ಹೇಗೂ ತೊಂದ್ರೆ ಕೊಡುತ್ತಲ್ಲ, ಇದನ್ನ ಇಲ್ಲೇ ಬಿಟ್ಟು ಹೋಗಿ" ಅಂದ. ಬಿಟ್ಟು ಬಂದೆ. ಅವನಿಗೆ ಅದು ಸರಿಯಾದ ವಸ್ತು.

ಡಾಕ್ ಕೊಳ್ಳುವುದಾದರೆ ಎರಡು ಸಣ್ಣ ವಿಷಯ. ಲ್ಯಾಪ್‌ಟಾಪಿನ ಟೈಪ್ ಸಿ ಪೋರ್ಟ್ ಡಿಸ್‌ಪ್ಲೇ ಕಳಿಸಬಲ್ಲದೇ ನೋಡಿ. ಕೆಲವು ಪೋರ್ಟು ಡೇಟಾಕ್ಕೆ ಮಾತ್ರ, ಅದರಲ್ಲಿ ಎಚ್‌ಡಿಎಂಐ ಬರುವುದೇ ಇಲ್ಲ. ಇನ್ನೊಂದು, ಡಾಕಿನ ವೇಗದ ಯುಎಸ್‌ಬಿ 3 ಪೋರ್ಟಿನ ಪಕ್ಕದಲ್ಲೇ ವೈರ್‌ಲೆಸ್ ಮೌಸಿನ ರಿಸೀವರ್ ಹಾಕಬೇಡಿ. ಯುಎಸ್‌ಬಿ 3ರಿಂದ ಹೊಮ್ಮುವ ರೇಡಿಯೋ ಅಡಚಣೆ, ಇಂಥ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಗೆ ಬಂದು ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ವಿವರಿಸಿತ್ತು. ಮೌಸ್ ತಡವರಿಸಿದರೆ ಮೌಸ್ ಬದಲಿಸುವ ಮೊದಲು ರಿಸೀವರಿನ ಜಾಗ ಬದಲಿಸಿ.

ಚಾರ್ಜರ್ ಬೇರೆ, ಹಬ್ ಬೇರೆ

ನಾನು ಕೊನೆಗೆ ನಿಂತಿದ್ದು ಇಲ್ಲಿ. ಮೇಲೆ ಹೇಳಿದ 65 ವ್ಯಾಟಿನ ಚಾರ್ಜರ್, ಜೊತೆಗೆ ಕೇಬಲ್ ಬಾಲ ಇರುವ ಒಂದು ಸಾದಾ ಹಬ್. ಎರಡೂ ಸೇರಿ ನನಗೆ ಡಾಕಿಗಿಂತ ಕಡಿಮೆಗೇ ಸಿಕ್ಕಿತು.

ಇದರಲ್ಲೂ ಜೋಡಿಸುವ ದಾರಿ ಎರಡಿವೆ, ಫಲ ಬೇರೆ ಬೇರೆ. ಹಬ್ಬಿನ ಮೇಲೇ ಚಾರ್ಜ್ ತೆಗೆದುಕೊಳ್ಳುವ ಒಂದು ಟೈಪ್ ಸಿ ಇರುತ್ತದೆ. ಚಾರ್ಜರನ್ನು ಅದಕ್ಕೆ ಹಾಕಿ, ಹಬ್ಬನ್ನು ಲ್ಯಾಪ್‌ಟಾಪಿಗೆ ಹಾಕುವುದು ಒಂದು ದಾರಿ. ಆಗ ಹಬ್ ತನ್ನ ಖರ್ಚಿಗೆ ಅಂತ ಒಂದಿಷ್ಟು ವ್ಯಾಟ್ ಹಿಡಿದುಕೊಳ್ಳುತ್ತದೆ, ಉಳಿದದ್ದು ಲ್ಯಾಪ್‌ಟಾಪಿಗೆ. ಕರೆಂಟ್ ಹೋದರೆ ಹಬ್ ಗೋಡೆಯ ಕರೆಂಟ್ ಬಿಟ್ಟು ಲ್ಯಾಪ್‌ಟಾಪಿನ ಕರೆಂಟಿಗೆ ಹೊರಳಬೇಕು. ಹಾಗೆ ಹೊರಳುವಾಗ ನನ್ನ ಹಬ್ ಒಂದು ಕ್ಷಣ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಹಾರ್ಡ್ ಡಿಸ್ಕಿಗೆ ಆ ಕ್ಷಣವೇ ಸಾಕು. ತಡವಿಲ್ಲದೆ ಹೊರಳುವ ವ್ಯವಸ್ಥೆ ಯುಎಸ್‌ಬಿ ಪವರ್ ಡೆಲಿವರಿಯ, ಅಂದರೆ ಟೈಪ್ ಸಿಯಲ್ಲಿ ಕರೆಂಟ್ ಕೊಡುವ ತೆಗೆದುಕೊಳ್ಳುವ ಪದ್ಧತಿಯ, ನಿಯಮದಲ್ಲೇ ಇದೆ. ಕಡಿಮೆ ಬೆಲೆಯ ಹಬ್ಬಿನಲ್ಲಿ ಅದು ಇರುತ್ತದೆಂದು ನಂಬಿ ಕೂರಬೇಡಿ.

ಇನ್ನೊಂದು ದಾರಿ, ಲ್ಯಾಪ್‌ಟಾಪಿನಲ್ಲಿ ಎರಡು ಟೈಪ್ ಸಿ ಇದ್ದರೆ ಒಂದಕ್ಕೆ ಚಾರ್ಜರ್, ಇನ್ನೊಂದಕ್ಕೆ ಹಬ್. ಹಬ್ಬಿಗೆ ಗೋಡೆಯ ಪರಿಚಯವೇ ಇಲ್ಲ, ಲ್ಯಾಪ್‌ಟಾಪಿನ ಬ್ಯಾಟರಿಯೇ ಅದಕ್ಕೂ ಯುಪಿಎಸ್. ಗಾಳಿಮಳೆಯ ಮಧ್ಯಾಹ್ನ ಕರೆಂಟ್ ಹೋಗಿ ಬಂದು ಮಾಡುತ್ತಿದ್ದರೂ ಹಾರ್ಡ್ ಡಿಸ್ಕ್ ಕಾಪಿ ನಿಲ್ಲಲಿಲ್ಲ. ಮೋಡೆಮ್ಮಿಗೆ ಒಂದು ಪುಟ್ಟ 12 ವೋಲ್ಟಿನ ಯುಪಿಎಸ್ ಹಾಕಿದ್ದೇನೆ, ಹಾಗಾಗಿ ಮೀಟಿಂಗ್ ಕೂಡ ನಡೆಯಿತು. ಮಾನಿಟರ್ ಮಾತ್ರ ಕಪ್ಪಾಯಿತು, ಅದಕ್ಕೆ ಯಾವ ಹಬ್ಬೂ ಏನೂ ಮಾಡಲಾಗದು. ಹಳೇ ರೌಂಡ್ ಪಿನ್ ಚಾರ್ಜರಿನ ಲ್ಯಾಪ್‌ಟಾಪಿನಲ್ಲಿ ಒಂದೇ ಟೈಪ್ ಸಿ ಇದ್ದರೂ ಇದೇ ಲಾಭ ಸಿಗುತ್ತದೆ. ಚಾರ್ಜ್ ಅದರ ಪಾಡಿಗೆ, ಟೈಪ್ ಸಿ ಪೂರ್ತಿ ಹಬ್ಬಿಗೆ.

ಬೇರೆ ಬೇರೆ ಇಡುವುದಕ್ಕೆ ಇನ್ನೊಂದು ಕಾರಣವಿದೆ. ಮರ ಬಿದ್ದು ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 230 ವೋಲ್ಟಿಗಿಂತ ತುಂಬಾ ಜಾಸ್ತಿ ನುಗ್ಗಬಹುದು. ಆಗ ಸುಡುವುದು ಗೋಡೆಗೆ ಹಾಕಿದ ಡಬ್ಬಿ. ಅದು ಬರೀ ಚಾರ್ಜರ್ ಆದರೆ ಹೊಸ ಚಾರ್ಜರಿನ ಖರ್ಚಿಗೆ ಮುಗಿಯಬಹುದು. ಡಾಕ್ ಆದರೆ ಪೂರ್ತಿ ಡಾಕ್ ಹೋಯಿತು.

ಕೊರತೆ ಹೇಳಬೇಕೆಂದರೆ ಮೇಜಿನ ಮೇಲೆ ವೈರುಗಳು ಜಾಸ್ತಿ. ಸಿಡಿಲು ಬಂದಾಗ ಎರಡು ಕೀಳಬೇಕು. ನಾನು ಅದಕ್ಕೆ ಒಗ್ಗಿಕೊಂಡಿದ್ದೇನೆ.

ಕೈಗೆ ಜುಮ್ ಅನ್ನುವ ವಿಷಯ

ಲೋಹದ ಮೈಯ ಲ್ಯಾಪ್‌ಟಾಪ್ ಇರುವವರು ಇದನ್ನು ಓದಲೇಬೇಕು. ಎರಡು ಪಿನ್ನಿನ ಚಾರ್ಜರ್ ಹಾಕಿ ಅಂಗೈ ಸವರಿದರೆ ಜುಮ್ ಅನ್ನುತ್ತದೆ. ಮಳೆಗಾಲದಲ್ಲಿ ಥಂಡಿ ಹಿಡಿದ ನೆಲದ ಮೇಲೆ ಬರಿಗಾಲಿನಲ್ಲಿ ಕೂತರೆ ಇನ್ನೂ ಜಾಸ್ತಿ. ಚಾರ್ಜರಿನ ಒಳಗೆ ರೇಡಿಯೋ ಅಡಚಣೆ ತಗ್ಗಿಸಲು ಹಾಕಿದ ಒಂದು ಪುಟ್ಟ ಕೆಪಾಸಿಟರಿನಿಂದ ತುಂಬಾ ಸಣ್ಣ ಕರೆಂಟ್ ಹೊರಗೆ ಬರುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಅದು ಅಪಾಯದ ಮಟ್ಟದ್ದಲ್ಲ, ಆದರೂ ಮನಸ್ಸಿಗೆ ಕಿರಿಕಿರಿ. ನಿಜವಾದ ಅರ್ತಿಂಗ್ ಇರುವ ಮೂರು ಪಿನ್ನಿನ ಅಡಾಪ್ಟರಿನಲ್ಲಿ ಇದು ಇರಲಿಲ್ಲ. ಡಾಕಿನಲ್ಲೂ ಅರ್ತಿಂಗ್ ಆದ ಮಾನಿಟರಿಗೆ ಎಚ್‌ಡಿಎಂಐ ಹಾಕಿದ ಕೂಡಲೇ ಜುಮ್ ನಿಂತಿತು, ಆ ಕೇಬಲ್ಲಿನ ಹೊರಕವಚವೇ ದಾರಿ ಮಾಡಿಕೊಡುತ್ತದೆ.

ಮೂರು ಪಿನ್ ಇದೆ ಅಂತ ಸುಮ್ನೆ ನಂಬಬೇಡಿ. ಕೆಲವು ಚಾರ್ಜರುಗಳ ಮೇಲಿನ ದಪ್ಪ ಪಿನ್ ಪ್ಲಾಸ್ಟಿಕ್ಕಿನದು, ಸಾಕೆಟ್ಟಿನಲ್ಲಿ ಗಟ್ಟಿಯಾಗಿ ಕೂರಲಿ ಅಂತ ಮಾತ್ರ. ಮತ್ತೆ ಮನೆಯ ಅರ್ತಿಂಗ್ ಸರಿ ಇದ್ದರಷ್ಟೇ ಲೋಹದ ಪಿನ್ನಿಗೂ ಬೆಲೆ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿರುತ್ತದೆ, ನೀರು ಹಾಕಿ, ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಳೇ ಸಾಕೆಟ್ಟಿನಲ್ಲಿ ನೇರ ಗೋಡೆಗೆ ಜೋತು ಬೀಳುವ ಭಾರದ ಚಾರ್ಜರ್ ಸಡಿಲವಾಗಿ ಕಿಡಿ ಹಾರಿಸುತ್ತದೆ. ಉದ್ದ ವೈರಿದ್ದು ಮೇಜಿನ ಮೇಲೆ ಕೂರುವ ಬಗೆಯೇ ನಮ್ಮ ಮನೆಗಳಿಗೆ ವಾಸಿ.

ಕೊಳ್ಳುವಾಗ

ಶಿವಮೊಗ್ಗದ ನೆಹರು ರಸ್ತೆ, ದುರ್ಗಿಗುಡಿ ಕಡೆಯ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಕಂಪ್ಯೂಟರ್ ಸಾಮಾನಿನ ಅಡಾಪ್ಟರುಗಳಿಗೆ ಇದು ಕಡ್ಡಾಯ. ಬರೆದಿರುವ ದೊಡ್ಡ ವ್ಯಾಟ್ ಸಂಖ್ಯೆ ಬಿಟ್ಟು, ಎರಡು ಪೋರ್ಟ್ ಒಟ್ಟಿಗೆ ಬಳಸಿದಾಗ ಎಷ್ಟು ಎನ್ನುವ ಸಣ್ಣ ಅಕ್ಷರದ ಸಾಲು ಓದಿ.

ಟೈಪ್ ಸಿ ಬಿಟ್ಟು ಬೇರೆ ಪಿನ್ನಿನದು ಈಗ ಕೊಳ್ಳಬೇಡಿ ಎನ್ನುವುದು ನನ್ನ ಅಭಿಪ್ರಾಯ. ಯುರೋಪ್ ಒಕ್ಕೂಟ ಫೋನುಗಳಿಗೆ 2024ರ ಡಿಸೆಂಬರ್ 28ರಿಂದ ಟೈಪ್ ಸಿ ಕಡ್ಡಾಯ ಮಾಡಿತು, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರ ದಿನ ಗೊತ್ತು ಮಾಡಿತು. ಕಂಪನಿಗಳು ಊರಿಗೊಂದು ಬಗೆ ಮಾಡುವುದಿಲ್ಲ, ಅಲ್ವಾ?

ಡಾಕ್ ಸೇರಿದ ಅಡಾಪ್ಟರನ್ನೇ ಕೊಳ್ಳಬೇಕು ಅನ್ನಿಸಿದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ನಿಮ್ಮ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಡಾಕಿಗೆ ಬೇಡದ ಒಂದು ಪೆನ್‌ಡ್ರೈವ್ ಹಾಕಿ, ಒಂದು ದೊಡ್ಡ ಫೈಲ್ ಕಾಪಿಗೆ ಬಿಡಿ. "ಒಂದ್ಸಲ ಸ್ವಿಚ್ ಆಫ್ ಮಾಡಿ ಸಾರ್" ಅಂತ ಅಂಗಡಿಯವರನ್ನು ಕೇಳಿ. ಕಾಪಿ ನಡೆಯುತ್ತಲೇ ಇದ್ದರೆ ಧೈರ್ಯವಾಗಿ ಮಳೆಗಾಲಕ್ಕೆ ಮನೆಗೆ ತನ್ನಿ. ಪೆನ್‌ಡ್ರೈವ್ ಮಾಯವಾದರೆ ನಿಮ್ಮ ಮೇಜಿನ ಪ್ಲಗ್ಗಿಗೆ ಯುಪಿಎಸ್ ಲೈನ್ ಇದೆಯೋ ಇಲ್ಲವೋ ನೆನಪಿಸಿಕೊಂಡು ದುಡ್ಡು ಕೊಡಿ.