ಮೂಡಲ್ ನೋಡಿಕೊಳ್ಳುವವರಿಗೆ ಮೂಶ್ ಬೇಕೇ ಬೇಕು

ರಾಯಚೂರಿನ ಒಂದು ಕಾಲೇಜಿನಲ್ಲಿ ಮೂಡಲ್ (ಆನ್‌ಲೈನ್‌ನಲ್ಲಿ ಪಾಠ, ಟೆಸ್ಟ್ ನಡೆಸುವ ಸಾಫ್ಟ್‌ವೇರ್) ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲೆಲ್ಲ ಬ್ರೌಸರ್‌ನಲ್ಲೇ ಕ್ಲಿಕ್ ಮಾಡುತ್ತಾ ಕೂರುತ್ತಿದ್ದೆ. ಈಗ ಮೂಶ್ ಹಾಕಿಕೊಂಡಿದ್ದೇನೆ, ಮೂಡಲ್ ಕೆಲಸಗಳನ್ನು ಕಮಾಂಡ್ ಟೈಪ್ ಮಾಡಿಯೇ ಮುಗಿಸುವ ಟೂಲ್ ಇದು, ಪುಕ್ಕಟೆ ಸಿಗುತ್ತದೆ. ಹೊಸ ಬ್ಯಾಚಿನ 60 ಮಕ್ಕಳ ಖಾತೆ ತೆರೆಯಲು ಒಂದೇ ಕಮಾಂಡನ್ನು ಮತ್ತೆ ಮತ್ತೆ ನಡೆಸುವ ಚಿಕ್ಕ ಲೂಪ್ ಬರೆದು ಓಡಿಸಿದೆ, ಒಗ್ಗರಣೆ ಮಿರ್ಚಿ ತಿಂದು ಬರುವಷ್ಟರಲ್ಲಿ ಮುಗಿದಿತ್ತು.

ಆದರೆ ಮೂಶನ್ನು ರೂಟ್ ಆಗಿ, ಅಂದರೆ ಸರ್ವರ್‌ನ ಪೂರ್ತಿ ಅಧಿಕಾರ ಇರುವ ಯೂಸರ್ ಆಗಿ, ಓಡಿಸಲೇಬೇಡಿ, ವೆಬ್ ಸರ್ವರ್‌ನ ಯೂಸರ್ ಹೆಸರಲ್ಲೇ ಓಡಿಸಿ. ನಾನು ಅವಸರದಲ್ಲಿ ರೂಟ್ ಆಗಿ ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಅಳಿಸಿ, ಹೊಸ ಫೈಲ್‌ಗಳೆಲ್ಲ ರೂಟ್ ಹೆಸರಿಗೆ ಹೋಗಿ, ವೆಬ್ ಸರ್ವರ್ ಅವನ್ನು ಮುಟ್ಟಲಾಗದೆ, ಟೆಸ್ಟ್ ಹಿಂದಿನ ರಾತ್ರಿ ಸೈಟೇ ಮಲಗಿಬಿಟ್ಟಿತು. ಫೈಲ್‌ಗಳ ಓನರ್ ಬದಲಿಸಿದ ಮೇಲೆ ಎದ್ದಿತು.

ಅಡ್ಮಿನ್ ಪಾಸ್‌ವರ್ಡ್ ಬದಲಿಸಲು, ಮೇಂಟೆನೆನ್ಸ್ ಮೋಡ್ ಹಾಕಲು ಮೂಶ್ ಬೇಕಿಲ್ಲ, ಮೂಡಲ್ ಜೊತೆಗೇ ಬರುವ ಸಿಎಲ್‌ಐ (ಕಮಾಂಡ್ ಲೈನ್) ಸ್ಕ್ರಿಪ್ಟ್‌ಗಳು ಸಾಕು. ಮೂಶ್ ಬೇರೆಯವರು ಮಾಡಿದ ಟೂಲ್ ಅಲ್ವಾ, ನಿಮ್ಮ ವರ್ಷನ್‌ಗೆ ಹೊಂದುತ್ತದೆಯಾ ನೋಡಿಕೊಂಡು ಹಾಕಿ.